ತಾರಸಿ ತೋಟದ ತರಬೇತಿ: ಖಾತೆಯ ವರ್ಷ ಮತ್ತು ಬೆಳೆಯ ವರ್ಷ

ವಾಣಿಜ್ಯ ಹಾಗೂ ಕೈಗಾರಿಕಾ ಸಂಸ್ಥೆಗಳು ಸಾಮಾಜಿಕ ಹೊಣೆಗಾರಿಕೆಯ ಬಾಬ್ತಿನಲ್ಲಿ ಕೈಗೊಳ್ಳುವ ಕಾರ್ಯಗಳೆಂದರೆ ಶಾಲಾ ಕಟ್ಟಡಗಳ ದುರಸ್ತಿ, ಆರೋಗ್ಯ ತಪಾಸಣಾ ಶಿಬಿರ, ಕೆರೆಗಳ ಪುನಶ್ಚೇತನ ಇತ್ಯಾದಿಗಳು ಮೊದಲು ನೆನಪಿಗೆ ಬರುತ್ತವೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಮನೆಯಂಗಳ ಹಾಗೂ ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಕಲಿಸುವ ಕಾರ್ಯಾಗಾರಗಳೂ ಸೇರಿವೆ. ಖರ್ಚು ಕಡಿಮೆ, ಭಾಗವಹಿಸುವವರ ಉತ್ಸಾಹ ಹೆಚ್ಚು, ಪರಿಸರಕ್ಕೂ ಆರೋಗ್ಯಕ್ಕೂ ಸಂಬಂಧಪಟ್ಟದ್ದು. ಆದ್ದರಿಂದ ಆಡಳಿತ ಮಂಡಳಿಯ ಸಭೆಯಲ್ಲಿ ಇಂತಹ ಪ್ರಸ್ತಾವಗಳಿಗೆ ಸುಲಭವಾಗಿ ಒಪ್ಪಿಗೆ ದೊರೆಯುತ್ತದೆ.

ಆದರೆ ಹಣ ಖರ್ಚಾದ ಮಾತ್ರಕ್ಕೆ ಉದ್ದೇಶ ಈಡೇರಿತೆಂದು ಹೇಳಲಾಗದು. ಒಂದು ದಿನದ ಉಪನ್ಯಾಸವನ್ನು ಕೇಳಿ, ಬೀಜದ ಪೊಟ್ಟಣವನ್ನೂ ಗೊಬ್ಬರದ ಚೀಲವನ್ನೂ ಹೊತ್ತು ಮನೆಗೆ ಹೋದವರ ಪೈಕಿ ಮುಂದಿನ ಬೇಸಗೆಯಲ್ಲಿ ಎಷ್ಟು ಮಂದಿಯ ತಾರಸಿಯಲ್ಲಿ ಹಸಿರು ಉಳಿದಿರುತ್ತದೆ ಎಂಬ ಪ್ರಶ್ನೆಯನ್ನು ಯಾವ ವರದಿಯೂ ಕೇಳುವುದಿಲ್ಲ. ಹವಾಮಾನವು ದಿನೇ ದಿನೇ ಅನಿಶ್ಚಿತವಾಗುತ್ತಿರುವ ಈ ಕಾಲದಲ್ಲಿ ಅದೇ ಮುಖ್ಯ ಪ್ರಶ್ನೆಯಾಗಬೇಕು. ಬೆಂಗಳೂರು ನಗರದ ಅನುಭವವನ್ನು ಆಧಾರವಾಗಿ ಇಟ್ಟುಕೊಂಡು, ಇಂತಹ ತರಬೇತಿಯಲ್ಲಿ ಏನಿರಬೇಕು ಮತ್ತು ಅದಕ್ಕೆ ಹಣ ಒದಗಿಸುವ ಕ್ರಮ ಹೇಗಿರಬೇಕು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಪರಂಪರೆ

ತೋಟಗಾರಿಕೆಯ ಶಿಕ್ಷಣ ಬೆಂಗಳೂರಿಗೆ ಹೊಸದೇನಲ್ಲ. ಲಾಲ್‌ಬಾಗಿನಲ್ಲಿ 1912ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನ ಕಲಾ ಸಂಘವು ಫಲಪುಷ್ಪ ಪ್ರದರ್ಶನಗಳ ಮೂಲಕ ಹಲವು ತಲೆಮಾರುಗಳ ನಾಗರಿಕರಲ್ಲಿ ಗಿಡ ಬೆಳೆಸುವ ಅಭಿರುಚಿಯನ್ನು ಉಂಟುಮಾಡಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತರಕಾರಿ ತಳಿಗಳನ್ನು ಅಭಿವೃದ್ಧಿಪಡಿಸುತ್ತ, ಮನೆಬಳಕೆಗೆ ಬೇಕಾದ ಸಣ್ಣ ಪ್ರಮಾಣದ ಬೀಜಗಳನ್ನೂ ಮಾರುತ್ತಿದೆ. ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಮೇಳಕ್ಕೆ ನಗರವಾಸಿಗಳು ಗುಂಪುಗುಂಪಾಗಿ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಆದರೆ ತೋಟವನ್ನು ತಾರಸಿಗೆ ಏರಿಸಿ, ಅದನ್ನು ಸಾವಯವ ಕ್ರಮದಲ್ಲಿ ನಡೆಸುವುದನ್ನು ಸಾಮಾನ್ಯ ಗೃಹಸ್ಥರಿಗೆ ಕಲಿಸುವ ಕೆಲಸವನ್ನು 1990ರ ದಶಕದಲ್ಲಿ ಆರಂಭಿಸಿದವರು ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರು. ಅವರ ಕಾರ್ಯಾಗಾರಗಳಲ್ಲಿ ಕಲಿತವರು ಮುಂದೆ ತಾವೇ ತರಬೇತುದಾರರಾದರು. ಈ ಬಳಗದಿಂದ ಬೆಳೆದ ಗಾರ್ಡನ್ ಸಿಟಿ ಫಾರ್ಮರ್ಸ್ ಸಂಸ್ಥೆಯ ಆಶ್ರಯದಲ್ಲಿ 2011ರಲ್ಲಿ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳ ಆರಂಭವಾಗಿ, ನಗರದ ಬೇರೆ ಬೇರೆ ಬಡಾವಣೆಗಳಲ್ಲಿ ನಡೆಯುತ್ತ ಬಂದಿತು. ಬೀಜ, ಕುಂಡ, ಗೊಬ್ಬರ, ಸಲಹೆ ಎಲ್ಲವೂ ಒಂದೇ ಕಡೆ ದೊರೆಯುವ ಈ ಮೇಳ ಅನೇಕ ಸಣ್ಣ ವ್ಯಾಪಾರಿಗಳಿಗೂ ಮಾರುಕಟ್ಟೆಯಾಯಿತು. ಮನೆಯಲ್ಲೇ ಹಸಿಕಸವನ್ನು ಗೊಬ್ಬರ ಮಾಡುವ ಸಾಧನಗಳ ವ್ಯಾಪಾರ, 2012ರ ನಂತರ ಕಸವನ್ನು ಮೂಲದಲ್ಲೇ ಬೇರ್ಪಡಿಸುವ ಒತ್ತಾಯ ಹೆಚ್ಚಿದಂತೆ, ಇದರ ಜೊತೆಗೇ ಬೆಳೆಯಿತು.

ಈ ಪರಂಪರೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅದು ಬೆಳೆದದ್ದು ಕೇವಲ ಉಪನ್ಯಾಸಗಳಿಂದಲ್ಲ. ಕಲಿತವರು ಮತ್ತೆ ಮತ್ತೆ ಕೂಡುತ್ತಿದ್ದರು, ಬೀಜ ಹಂಚಿಕೊಳ್ಳುತ್ತಿದ್ದರು, ರೋಗ ತಗಲಿದ ಎಲೆಯನ್ನು ತಂದು ಬಲ್ಲವರಿಗೆ ತೋರಿಸುತ್ತಿದ್ದರು. ತರಬೇತಿ ಮುಗಿದ ಮೇಲೂ ಸಂಪರ್ಕ ಮುಂದುವರಿಯುತ್ತಿತ್ತು.

ಹವಾಮಾನ ಕಲಿಸಿದ ಪಾಠಗಳು

ಕಳೆದ ಕೆಲವು ವರ್ಷಗಳನ್ನು ಅವಲೋಕಿಸಿದರೆ, ಹಳೆಯ ಕ್ರಮದ ಕೈತೋಟ ತರಬೇತಿ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಒಂದೇ ರಾತ್ರಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ಹೊರವರ್ತುಲ ರಸ್ತೆಯ ಕಚೇರಿಗಳಿಗೂ ನೀರು ನುಗ್ಗಿತು. ಮರುವರ್ಷವೇ, ಅಂದರೆ 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅದೇ ವರ್ಷ ಜೂನ್ ಕೊನೆಯಿಂದ ಜುಲೈವರೆಗೆ ಟೊಮೆಟೊ ಚಿಲ್ಲರೆ ಬೆಲೆ ಕಿಲೋಗೆ 100 ರೂಪಾಯಿಯನ್ನು ದಾಟಿತು. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಕೋಲಾರ ನಮ್ಮ ಪಕ್ಕದಲ್ಲೇ ಇದ್ದರೂ ನಗರದ ಗೃಹಿಣಿಗೆ ಅದರಿಂದ ರಕ್ಷಣೆ ದೊರೆಯಲಿಲ್ಲ.

2024ರ ಬೇಸಗೆ ಇನ್ನೂ ಕಠಿಣವಾಗಿತ್ತು. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಹಾಹಾಕಾರ ಉಂಟಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯುವುದು, ಕಟ್ಟಡ ನಿರ್ಮಾಣ ಮುಂತಾದವುಗಳ ಜೊತೆಗೆ ಕೈತೋಟಕ್ಕೂ ಕುಡಿಯುವ ನೀರನ್ನು ಬಳಸಬಾರದೆಂದು ಆಜ್ಞೆ ಹೊರಡಿಸಿ, ಉಲ್ಲಂಘಿಸಿದವರಿಗೆ 5,000 ರೂ. ದಂಡ ಹಾಗೂ ಪುನಃ ಉಲ್ಲಂಘಿಸಿದರೆ ದಿನಕ್ಕೆ 500 ರೂ. ಹೆಚ್ಚುವರಿ ದಂಡವನ್ನು ಗೊತ್ತುಪಡಿಸಿತು. ಏಪ್ರಿಲ್ 28ರಂದು ನಗರದ ಉಷ್ಣಾಂಶ 38.5 ಡಿಗ್ರಿಗೆ ಏರಿತು. 2025ರ ಫೆಬ್ರುವರಿಯಲ್ಲಿ, ಕಾವೇರಿ ಐದನೆಯ ಹಂತದ ಯೋಜನೆ ಕಾರ್ಯಾರಂಭ ಮಾಡಿದ ನಾಲ್ಕೇ ತಿಂಗಳಲ್ಲಿ, ಜಲಮಂಡಳಿಯು ಇದೇ ನಿರ್ಬಂಧವನ್ನು ಮತ್ತೆ ಹೇರಿತು.

ಈ ಆಜ್ಞೆಗಳು ಕೈತೋಟದ ವಿರುದ್ಧವಲ್ಲ. ಕುಡಿಯುವ ನೀರಿನ ದುರ್ಬಳಕೆಯ ವಿರುದ್ಧ. ಆದರೆ ನಲ್ಲಿಗೆ ಪೈಪು ಸಿಕ್ಕಿಸಿ ಗಿಡಕ್ಕೆ ನೀರು ಹಾಯಿಸುವುದಷ್ಟನ್ನೇ ಕಲಿತವರಿಗೆ ಎರಡೂ ಒಂದೇ ಆಯಿತು. ಅವರ ತೋಟ ಮಾರ್ಚ್‌ನಲ್ಲಿ ನಿಂತುಹೋಯಿತು. ಬೇರೆ ನೀರನ್ನು ಬಳಸುವ ವಿಧಾನವನ್ನು ಅರಿತವರ ತೋಟಕ್ಕೆ ಅಂತಹ ಅಡ್ಡಿಯೇ ಇರಲಿಲ್ಲ. ಹವಾಮಾನದ ಏರುಪೇರನ್ನು ತಾಳಿಕೊಳ್ಳುವ ತೋಟಗಾರಿಕೆ ಎಂದರೆ ಇದೇ.

ತರಬೇತಿಯಲ್ಲಿ ಕಲಿಸಬೇಕಾದ ನಾಲ್ಕು ವಿಷಯಗಳು

ಮೊದಲನೆಯದು ಭಾರ. ತಾರಸಿಯ ಮೇಲೆ ಮಣ್ಣು ಹರಡುವ ಮುನ್ನ ಕಟ್ಟಡ ಎಷ್ಟು ತೂಕವನ್ನು ತಾಳೀತು ಎಂಬುದನ್ನು ತಿಳಿಯುವುದು ಅವಶ್ಯಕ. ಭಾರತೀಯ ಮಾನಕ ಐ.ಎಸ್. 875ರಂತೆ ಜನರು ಓಡಾಡುವ ಚಪ್ಪಟೆ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ವಿನ್ಯಾಸಗೊಳಿಸಲಾಗುತ್ತದೆ. ಒದ್ದೆ ಮಣ್ಣಿನ ತೂಕ ಘನ ಮೀಟರಿಗೆ ಸುಮಾರು 1,700 ಕಿಲೋ ಎಂದು ಹಿಡಿದರೆ, ಒಂದು ಅಡಿ ದಪ್ಪದ ಮಣ್ಣಿನ ಪಾತಿಯು ಚದರ ಮೀಟರಿಗೆ 500 ಕಿಲೋಗಿಂತ ಹೆಚ್ಚು ತೂಗುತ್ತದೆ. ಇದು ವಿನ್ಯಾಸ ಭಾರದ ಮೂರು ಪಟ್ಟಿಗೂ ಹೆಚ್ಚು. ಆದ್ದರಿಂದಲೇ ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಮತ್ತು ಸ್ವಲ್ಪ ಮಣ್ಣು ಬೆರೆಸಿದ ಹಗುರ ಮಿಶ್ರಣವನ್ನು ಬಿಡಿಬಿಡಿ ಚೀಲಗಳಲ್ಲಿ ತುಂಬಿ, ಅವುಗಳನ್ನು ತೊಲೆ ಮತ್ತು ಗೋಡೆಗಳ ನೇರಕ್ಕೆ ಇಡುವುದು ವಾಡಿಕೆ. ಸೆಪ್ಟೆಂಬರಿನ ಭಾರಿ ಮಳೆಗೆ ತಾರಸಿಯ ನೀರು ಹೊರಹೋಗುವ ಕಿಂಡಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದೂ ಇದೇ ಪಾಠದ ಭಾಗ. ಹಳೆಯ ಕಟ್ಟಡವಾದರೆ ಇಂಜಿನಿಯರರ ಸಲಹೆ ಪಡೆದೇ ಮುಂದುವರಿಯಬೇಕು.

ಎರಡನೆಯದು ನೀರು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆಯಾದರೆ 2,000 ಲೀಟರ್. ಪೋಲಾಗುವುದನ್ನು ಕಳೆದು 1,600 ಲೀಟರಾದರೂ ಸಂಗ್ರಹಿಸಬಹುದು. ಮೂವತ್ತು ಚೀಲಗಳ ತೋಟಕ್ಕೆ ಬೇಸಗೆಯಲ್ಲಿ ಚೀಲಕ್ಕೆ 2 ಲೀಟರಿನಂತೆ ದಿನಕ್ಕೆ 60 ಲೀಟರ್ ಬೇಕೆಂದು ಲೆಕ್ಕ ಹಾಕಿದರೆ, ಒಂದೇ ಒಳ್ಳೆಯ ಮಳೆ ಇಪ್ಪತ್ತಾರು ದಿನಗಳ ನೀರನ್ನು ಕೊಟ್ಟಂತಾಯಿತು. ವರ್ಷಕ್ಕೆ ಒಂಬೈನೂರು ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಬೆಂಗಳೂರಿನಲ್ಲಿ ಕೊರತೆಯಿರುವುದು ಮಳೆಗಿಂತ ಹೆಚ್ಚಾಗಿ ಅದನ್ನು ಹಿಡಿದಿಡುವ ತೊಟ್ಟಿಗೆ. 2009ರ ತಿದ್ದುಪಡಿಯಿಂದ ನಿಗದಿತ ಅಳತೆಗೆ ಮೀರಿದ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಆ ವ್ಯವಸ್ಥೆಯನ್ನು ತೋಟಕ್ಕೆ ಜೋಡಿಸುವುದನ್ನು ಕಾರ್ಯಾಗಾರವು ಕೈಯಿಂದ ಮಾಡಿಸಿ ತೋರಿಸಬೇಕು.

ಮಳೆಯಿಲ್ಲದ ತಿಂಗಳುಗಳಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸುರಕ್ಷಿತ. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರನ್ನೂ ಬಳಸಬಹುದು. ನೀರು ಶುದ್ಧೀಕರಣ ಯಂತ್ರವು ಹೊರಹಾಕುವ ನೀರಿನಲ್ಲಿ ಲವಣಾಂಶ ಹೆಚ್ಚಾಗಿರುವುದರಿಂದ ಅದನ್ನು ಬೇರೆ ನೀರಿನೊಂದಿಗೆ ಬೆರೆಸಿ, ಮಿತವಾಗಿ ಬಳಸಬೇಕು. ಸಾಬೂನಿನ ನೀರನ್ನು ಸೊಪ್ಪಿಗೆ ಹಾಕಬಾರದು. ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ, ಚೀಲದ ನಡುವೆ ಹೂತ ಸಣ್ಣ ಮಡಕೆ, ಬತ್ತಿಯ ಮೂಲಕ ನೀರೆಳೆಯುವ ವ್ಯವಸ್ಥೆ ಇವೆಲ್ಲವೂ ಅಲ್ಪ ವೆಚ್ಚದಲ್ಲಿ ನೀರಿನ ಅವಶ್ಯಕತೆಯನ್ನು ತಗ್ಗಿಸುತ್ತವೆ.

ಮೂರನೆಯದು ನೆರಳು. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಇಟ್ಟ ಚೀಲದ ಬೇರು ಕೆಳಗಿನಿಂದಲೂ ಬೇಯುತ್ತದೆ. ಇಟ್ಟಿಗೆ ಅಥವಾ ಕಂಬಿಯ ಅಡಿಗಟ್ಟಿನ ಮೇಲೆ ಚೀಲವನ್ನು ಎತ್ತರಿಸಿ ಇಡುವುದು, ಮಾರ್ಚ್‌ನಿಂದ ಮೇವರೆಗೆ ಅರ್ಧದಷ್ಟು ಬಿಸಿಲನ್ನು ತಡೆಯುವ ನೆರಳು ಪರದೆ ಕಟ್ಟುವುದು, ಮಳೆಗಾಲ ಬಂದೊಡನೆ ಅದನ್ನು ತೆಗೆಯುವುದು ಇವು ಸಣ್ಣ ಕೆಲಸಗಳಾದರೂ ತೋಟದ ಅಳಿವು ಉಳಿವನ್ನು ನಿರ್ಧರಿಸುತ್ತವೆ. ಹಗಲಿನ ಉಷ್ಣಾಂಶ 35 ಡಿಗ್ರಿ ಮೀರಿದಾಗ ಟೊಮೆಟೊ ಗಿಡವು ಹೂ ಬಿಟ್ಟರೂ ಕಾಯಿ ಕಟ್ಟುವುದು ಕಷ್ಟ. ಗಿಡಕ್ಕೆ ರೋಗ ತಗಲಿದೆಯೆಂದು ಔಷಧಿ ಸಿಂಪಡಿಸುವವರಿಗೆ ಇದನ್ನು ತಿಳಿಸಿ ಹೇಳುವವರು ಬೇಕು.

ನಾಲ್ಕನೆಯದು ಬೆಳೆ ಮತ್ತು ಬೀಜದ ಆಯ್ಕೆ. ಅನೇಕ ಕಾರ್ಯಾಗಾರಗಳಲ್ಲಿ ಹಂಚುವ ಪೊಟ್ಟಣಗಳಲ್ಲಿ ಕ್ಯಾರೆಟ್, ಹೂಕೋಸು, ದೊಣ್ಣೆಮೆಣಸಿನಕಾಯಿಗಳೇ ತುಂಬಿರುತ್ತವೆ. ನೋಡಲು ಅಂದವಾದ ಈ ಬೆಳೆಗಳು ಹೊಸಬರಿಗೆ ಕಷ್ಟವಾದವು. ನಮ್ಮ ಹಿರಿಯರ ಹಿತ್ತಲುಗಳಲ್ಲಿದ್ದ ಬಸಳೆ, ದಂಟು, ಹೊನಗನ್ನೆ, ಚಕ್ರಮುನಿ, ತೊಂಡೆ, ಅಲಸಂದೆ, ಗೋರಿಕಾಯಿ, ಬದನೆ, ದೊಡ್ಡಪತ್ರೆ ಇವು ಬಿಸಿಲನ್ನೂ ಅನಿಯಮಿತ ನೀರನ್ನೂ ಹೆಚ್ಚಾಗಿ ಸಹಿಸುತ್ತವೆ. ಬಸಳೆ, ಚಕ್ರಮುನಿ, ದೊಡ್ಡಪತ್ರೆಗಳನ್ನು ಕಡ್ಡಿಯಿಂದಲೇ ಬೆಳೆಸಬಹುದಾದ್ದರಿಂದ ಬೀಜದ ಖರ್ಚೂ ಇಲ್ಲ. ನೆರೆಮನೆಯವರಿಗೆ ಒಂದು ಕಡ್ಡಿ ಮುರಿದುಕೊಟ್ಟರೆ ಅಲ್ಲೊಂದು ತೋಟ ಆರಂಭವಾಗುತ್ತದೆ.

ಸುಧಾರಿತ ತಳಿಗಳ ಪ್ರಯೋಜನವನ್ನೂ ಪಡೆಯಬೇಕು. ಸಾಂಪ್ರದಾಯಿಕ ಅವರೆಯು ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಮಾತ್ರ ಹೂ ಬಿಡುತ್ತದೆ. ಹೆಸರಘಟ್ಟದ ಅರ್ಕ ಜಯ್, ಅರ್ಕ ವಿಜಯ್ ತಳಿಗಳಿಗಾಗಲಿ, ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳಿಗಾಗಲಿ ಆ ಕಟ್ಟುಪಾಡಿಲ್ಲ; ಬಳ್ಳಿ ಹಬ್ಬಿಸದೆ ಗಿಡವಾಗಿಯೇ ಚೀಲದಲ್ಲಿ ಬೆಳೆಯುತ್ತವೆ. ಟೊಮೆಟೊದಲ್ಲಿ ಅರ್ಕ ರಕ್ಷಕ್ ಎಲೆ ಮುರುಟು ರೋಗವೂ ಸೇರಿದಂತೆ ಮೂರು ರೋಗಗಳನ್ನು ತಡೆಯಬಲ್ಲ ಸಂಕರಣ ತಳಿ. ಆದರೆ ಅದರ ಬೀಜವನ್ನು ಕಾದಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಮಳೆಯಾಶ್ರಿತ ಬೇಸಾಯಕ್ಕೆಂದು ಅಭಿವೃದ್ಧಿಪಡಿಸಿದ ಅರ್ಕ ಮೇಘಾಲಿ ತಳಿಯ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಈ ವ್ಯತ್ಯಾಸವನ್ನು ತಿಳಿಸದೆ ಬೀಜ ಹಂಚುವುದು ಸಾಲದ ಷರತ್ತುಗಳನ್ನು ತಿಳಿಸದೆ ಸಾಲ ಕೊಟ್ಟಂತೆ.

ಖಾತೆಯ ವರ್ಷ ಬೇರೆ, ಬೆಳೆಯ ವರ್ಷ ಬೇರೆ

ಮೇಲಿನ ನಾಲ್ಕು ವಿಷಯಗಳನ್ನು ಒಂದೇ ದಿನದಲ್ಲಿ ಹೇಳಬಹುದು, ಆದರೆ ಕಲಿಸಲಾಗದು. ನೆರಳು ಪರದೆಯ ಪಾಠ ಮಾರ್ಚ್‌ನಲ್ಲಿ ಬೇಕಾಗುತ್ತದೆ, ಕಿಂಡಿ ಸ್ವಚ್ಛಗೊಳಿಸುವ ಪಾಠ ಮೇ ತಿಂಗಳಲ್ಲಿ, ಬಿಳಿನೊಣದ ಪಾಠ ಅದು ಎಲೆಯ ಹಿಂಬದಿಯಲ್ಲಿ ಕಂಡ ದಿನ. ಜೂನ್‌ನಲ್ಲಿ ಸಸಿಮಡಿ, ಮಳೆಗಾಲದಲ್ಲಿ ಬದನೆ, ಬೆಂಡೆ, ಅಲಸಂದೆ, ಅಕ್ಟೋಬರಿನಿಂದ ಟೊಮೆಟೊ, ಅವರೆ, ಮೆಂತ್ಯ, ಕೊತ್ತಂಬರಿ, ಫೆಬ್ರುವರಿಯ ನಂತರ ಬಸಳೆ, ದಂಟು ಮುಂತಾದ ಬಿಸಿಲು ತಾಳುವ ಸೊಪ್ಪುಗಳು ಎಂಬ ಕ್ರಮದಲ್ಲಿ ಬೆಂಗಳೂರಿನ ಕೈತೋಟದ ವರ್ಷ ಸಾಗುತ್ತದೆ. ಆ ವರ್ಷ ಜೂನ್‌ನಲ್ಲಿ ಆರಂಭವಾಗಿ ಮುಂದಿನ ಮೇ ತಿಂಗಳಲ್ಲಿ ಮುಗಿಯುತ್ತದೆ.

ನಮ್ಮ ಖಾತೆಯ ವರ್ಷವಾದರೋ ಮಾರ್ಚ್ 31ಕ್ಕೆ ಮುಗಿಯುತ್ತದೆ. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ನಮ್ಮಂತಹವರಿಗೆ ಪ್ರತಿ ವರ್ಷವೂ ಕಾಣುವ ನೋಟವೊಂದಿದೆ. ಸಾಮಾಜಿಕ ಹೊಣೆಗಾರಿಕೆಯ ಬಾಬ್ತಿನಲ್ಲಿ ಹಣ ಉಳಿದಿರುವುದು ಜನವರಿಯಲ್ಲಿ ಗಮನಕ್ಕೆ ಬರುತ್ತದೆ; ಫೆಬ್ರುವರಿಯಲ್ಲಿ ಪ್ರಸ್ತಾವಗಳನ್ನು ಹುಡುಕಲಾಗುತ್ತದೆ; ಮಾರ್ಚ್‌ನಲ್ಲಿ ಸಭಾಂಗಣ, ಬ್ಯಾನರು, ಊಟ, ಛಾಯಾಚಿತ್ರಗಳೊಂದಿಗೆ ಕಾರ್ಯಕ್ರಮ ಮುಗಿಯುತ್ತದೆ. ಬಿಲ್ಲುಗಳು ಸರಿಯಾಗಿರುತ್ತವೆ, ಹಾಜರಿ ಪುಸ್ತಕವೂ ಸರಿಯಾಗಿರುತ್ತದೆ. ಆದರೆ ಅಂದು ಹಂಚಿದ ಸಸಿಗಳು ಏಪ್ರಿಲ್ ಬಿಸಿಲಿಗೆ, ನೀರಿನ ನಿರ್ಬಂಧದ ದಿನಗಳಿಗೆ ಸರಿಯಾಗಿ ತಾರಸಿಯನ್ನು ಸೇರುತ್ತವೆ. ಹೊಸಬರು ತಮ್ಮ ಕೈಗುಣವೇ ಸರಿಯಿಲ್ಲವೆಂದು ಭಾವಿಸಿ ಕೈಬಿಡುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಗಾದೆ. ಇಲ್ಲಿ ಹಣ ಬಂದಾಗ ಬಿತ್ತಲಾಗುತ್ತಿದೆ.

ನೆರೆಯ ಬಾಂಗ್ಲಾದೇಶದ ಅನುಭವವೊಂದು ಇಲ್ಲಿ ಉಲ್ಲೇಖನೀಯ. ಅಲ್ಲಿನ ಗ್ರಾಮಾಂತರ ಪ್ರದೇಶದಲ್ಲಿ ವಿಶ್ವ ತರಕಾರಿ ಕೇಂದ್ರದ ಯೋಜನೆಯಡಿ ಮಹಿಳೆಯರಿಗೆ ಕೈತೋಟ ಮತ್ತು ಪೋಷಣೆಯ ಬಗ್ಗೆ ತರಬೇತಿ ನೀಡಿ, ಬೀಜ ಹಾಗೂ ಮಾರ್ಗದರ್ಶನ ಒದಗಿಸಲಾಯಿತು. 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮೂರು ವರ್ಷಗಳ ನಂತರವೂ ಆ ಕುಟುಂಬಗಳಲ್ಲಿ ತರಕಾರಿ ಉತ್ಪಾದನೆಯ ಹೆಚ್ಚಳ ಉಳಿದುಕೊಂಡಿತ್ತು. ಹಳ್ಳಿಯ ಅಂಗಳಕ್ಕೂ ನಗರದ ತಾರಸಿಗೂ ವ್ಯತ್ಯಾಸವಿದೆ, ನಿಜ. ಆದರೆ ತರಬೇತಿಯ ಜೊತೆಗೆ ಮಾರ್ಗದರ್ಶನವೂ ದೊರೆತಲ್ಲಿ ಕಲಿಕೆ ನಿಲ್ಲಬಲ್ಲದು ಎಂಬ ಭರವಸೆಯನ್ನು ಇದು ಕೊಡುತ್ತದೆ.

ಒಂದು ಉದಾಹರಣೆಯ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಎರಡು ಅಂದಾಜು ಪಟ್ಟಿಗಳನ್ನು ಕೆಳಗೆ ಕೊಡಲಾಗಿದೆ. ಇವು ಯಾವುದೇ ಸಂಸ್ಥೆಯ ಲೆಕ್ಕವಲ್ಲ. ವಿವರಣೆಗಾಗಿ ಊಹಿಸಿದ ಅಂಕಿಗಳು. ಎರಡರಲ್ಲಿಯೂ ಒಟ್ಟು ವೆಚ್ಚ 2,00,000 ರೂಪಾಯಿ.

ಮೊದಲನೆಯ ಪಟ್ಟಿ, 50 ಮಂದಿಗೆ ಒಂದು ದಿನದ ಕಾರ್ಯಾಗಾರ: ಸಭಾಂಗಣ ಮತ್ತು ಊಟ 40,000 ರೂ.; ವೇದಿಕೆ, ಬ್ಯಾನರು, ಛಾಯಾಚಿತ್ರ ಮತ್ತು ಪ್ರಚಾರ 30,000 ರೂ.; ಉಪನ್ಯಾಸಕರ ಗೌರವಧನ 15,000 ರೂ.; ತಲಾ 2,000 ರೂಪಾಯಿಯ ಸಾಮಗ್ರಿ 1,00,000 ರೂ.; ಇತರೆ 15,000 ರೂ.

ಎರಡನೆಯ ಪಟ್ಟಿ, 40 ಮಂದಿಗೆ ಜೂನ್‌ನಿಂದ ಮೇವರೆಗಿನ ತರಬೇತಿ: ತಲಾ 900 ರೂಪಾಯಿಯ ಸಾಮಗ್ರಿ 36,000 ರೂ.; ಬಡಾವಣೆಯ ಸಮುದಾಯ ಭವನದಲ್ಲಿ ಅಥವಾ ಒಬ್ಬರ ತಾರಸಿಯಲ್ಲೇ ಆರು ತರಗತಿಗಳು, ತರಬೇತುದಾರರಿಗೆ ತಲಾ 6,000ದಂತೆ 36,000 ರೂ.; ಪ್ರತಿ ಮನೆಗೆ ಮೂರು ಭೇಟಿ, ಭೇಟಿಗೆ 400ರಂತೆ 48,000 ರೂ.; ಎರಡನೆಯ ಹಂಗಾಮಿನ ಬೀಜ ತಲಾ 200ರಂತೆ 8,000 ರೂ.; ಎಲ್ಲರಿಗೂ ಸೇರಿದ ಸಸಿಮಡಿ ಮತ್ತು ನೆರಳು ಪರದೆ 30,000 ರೂ.; ಮಳೆನೀರು ಸಂಗ್ರಹದ ಪ್ರಾತ್ಯಕ್ಷಿಕೆ 12,000 ರೂ.; ಸಂಯೋಜಕಿಯ ಗೌರವಧನ ಎಂಟು ತಿಂಗಳಿಗೆ 24,000 ರೂ.; ಇತರೆ 6,000 ರೂ.

ಮೊದಲನೆಯದರಲ್ಲಿ ತಲಾ ವೆಚ್ಚ 4,000 ರೂಪಾಯಿ, ಎರಡನೆಯದರಲ್ಲಿ 5,000 ರೂಪಾಯಿ. ಹಾಜರಿಯನ್ನಷ್ಟೇ ಎಣಿಸಿದರೆ ಮೊದಲನೆಯದೇ ಅಗ್ಗ. ಈಗ ಎಣಿಸುವ ದಿನವನ್ನು ಬದಲಿಸಿ, ಮರುವರ್ಷದ ಮೇ 31ಕ್ಕೆ ಉಳಿದಿರುವ ತೋಟಗಳನ್ನು ಎಣಿಸೋಣ. ಮೊದಲನೆಯದರಲ್ಲಿ 10 ತೋಟಗಳು ಉಳಿದರೆ ಉಳಿದ ತೋಟವೊಂದಕ್ಕೆ 20,000 ರೂ.; ಎರಡನೆಯದರಲ್ಲಿ 25 ಉಳಿದರೆ 8,000 ರೂ. ಈ ಊಹೆಯನ್ನು ಒಪ್ಪದವರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಒಟ್ಟು ವೆಚ್ಚ ಒಂದೇ ಆದ್ದರಿಂದ, ಎರಡನೆಯ ಕ್ರಮದಲ್ಲಿ ಒಂದೇ ಒಂದು ತೋಟ ಹೆಚ್ಚು ಉಳಿದರೂ ಅದೇ ಮಿತವ್ಯಯದ ಕ್ರಮವೆಂದು ಸಿದ್ಧವಾಗುತ್ತದೆ. ಮುಖ್ಯವಾದುದು ಎಣಿಸುವುದು, ಇಂದು ಯಾರೂ ಎಣಿಸುತ್ತಿಲ್ಲ.

ನಿಯಮಗಳು ಅಡ್ಡಿಯಲ್ಲ

ಎರಡು ಆರ್ಥಿಕ ವರ್ಷಗಳಿಗೆ ಹಬ್ಬುವ ಯೋಜನೆಗೆ ಕಾನೂನಿನ ತೊಡಕುಂಟೆಂದು ಹಲವು ಸದಸ್ಯರು ಭಾವಿಸಿದ್ದಾರೆ. ವಸ್ತುಸ್ಥಿತಿ ಹಾಗಿಲ್ಲ.

2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣಕ್ಕೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಏಳನೆಯ ಅನುಸೂಚಿಯ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಅಪೌಷ್ಟಿಕತೆಯ ನಿವಾರಣೆ, ಜೀವನೋಪಾಯ ಕೌಶಲ್ಯಗಳ ವೃದ್ಧಿ, ಪರಿಸರ ಸುಸ್ಥಿರತೆ ಇವು ಆ ಅನುಸೂಚಿಯಲ್ಲಿವೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳಂತೆ ‘ಚಾಲ್ತಿ ಯೋಜನೆ’ ಎಂದರೆ, ಆರಂಭವಾದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಮುಂದುವರಿಯಬಹುದಾದ ಯೋಜನೆ. ಮಾರ್ಚ್ ಕೊನೆಗೆ ಅದರಲ್ಲಿ ಉಳಿದ ಹಣವನ್ನು ನಿಗದಿತ ಅವಧಿಯೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಿ ಮುಂದೆ ಬಳಸಬಹುದು. ಮಂಡಳಿಯ ನಿರ್ಣಯವೊಂದು ಸಾಕು. ಮಾರ್ಚ್‌ನಲ್ಲಿ ಸಭಾಂಗಣ ಹುಡುಕುವ ಅಗತ್ಯ ಬೀಳುವುದಿಲ್ಲ.

ಮನೆ ಭೇಟಿ ಮತ್ತು ಮೇಲ್ವಿಚಾರಣೆಯ ವೆಚ್ಚಗಳು ಆಡಳಿತ ವೆಚ್ಚದ ಶೇ. 5ರ ಮಿತಿಗೆ ಸೇರಿಬಿಡುತ್ತವೆ ಎಂಬ ಭೀತಿಯೂ ಇದೆ. ನಿರ್ದಿಷ್ಟ ಯೋಜನೆಯ ರೂಪಣೆ, ಅನುಷ್ಠಾನ, ಉಸ್ತುವಾರಿ ಮತ್ತು ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ವೆಚ್ಚವು ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲವೆಂದು ಅದೇ ನಿಯಮಗಳು ಸ್ಪಷ್ಟಪಡಿಸಿವೆ. ತರಬೇತುದಾರರ ಭೇಟಿಯ ಬಿಲ್ಲುಗಳನ್ನು ಯೋಜನೆಯ ಹೆಸರಿನಲ್ಲಿಯೇ ಪ್ರತ್ಯೇಕವಾಗಿ ಇಟ್ಟರಾಯಿತು.

ಎಚ್ಚರಿಕೆಯ ಮಾತೂ ಒಂದಿದೆ. ಕಂಪನಿಯ ನೌಕರರಿಗೇ ಪ್ರಯೋಜನವಾಗುವ ಕಾರ್ಯವು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆನಿಸದು. ಕಾರ್ಖಾನೆಯ ಕಾರ್ಮಿಕರಿಗೆಂದೇ ನಡೆಸುವ ತರಬೇತಿಯನ್ನು ನೌಕರರ ಕಲ್ಯಾಣದ ಖಾತೆಗೆ ಬರೆಯಬೇಕು. ಅನುಷ್ಠಾನವನ್ನು ಬೇರೊಂದು ಸಂಸ್ಥೆಗೆ ವಹಿಸುವುದಾದರೆ ಆ ಸಂಸ್ಥೆಯು ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಣಿಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ತರಬೇತಿ ಪಡೆದ ಮಹಿಳೆಯರ ಗುಂಪು ಮುಂದೆ ಸಸಿಗಳನ್ನು ಬೆಳೆಸಿ ಮಾರಿದರೆ ಅವರಿಗೆ ಅನುಕೂಲವಾದ ಅಂಶವೊಂದಿದೆ: ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವನ್ನು ಕೃಷಿ ಆದಾಯವೆಂದೇ ಪರಿಗಣಿಸಬೇಕೆಂದು 2008ರ ಹಣಕಾಸು ಕಾಯಿದೆಯ ಮೂಲಕ ಸ್ಪಷ್ಟಪಡಿಸಲಾಯಿತು.

ಪ್ರತಿಫಲವನ್ನು ಹೇಗೆ ಅಳೆಯಬೇಕು?

ಕೈತೋಟದಿಂದ ತರಕಾರಿಯ ಖರ್ಚೇ ಇಲ್ಲವಾಗುತ್ತದೆಂಬ ಪ್ರಚಾರವನ್ನು ಲೆಕ್ಕ ಬಲ್ಲವರು ಒಪ್ಪಲಾರರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ದಿನಕ್ಕೆ ತಲಾ 400 ಗ್ರಾಂ ತರಕಾರಿಯನ್ನು ಸೂಚಿಸುತ್ತದೆ. ನಾಲ್ವರ ಕುಟುಂಬಕ್ಕೆ ಇದು ದಿನಕ್ಕೆ 1.6 ಕಿಲೋ, ವರ್ಷಕ್ಕೆ 584 ಕಿಲೋ. ಮೂವತ್ತು ಚೀಲಗಳಿಂದ ಇಷ್ಟನ್ನು ನಿರೀಕ್ಷಿಸುವುದು ಅಸಾಧ್ಯ. ಸೊಪ್ಪು, ಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ವಾರಕ್ಕೆರಡು ದಿನದ ಪಲ್ಯಕ್ಕಾಗುವಷ್ಟು ಕಾಯಿ ದೊರೆತರೆ ಅದೇ ಯಶಸ್ಸು. ಇಷ್ಟನ್ನು ಮೊದಲ ತರಗತಿಯಲ್ಲೇ ತಿಳಿಸಿದರೆ ನಿರಾಶೆಗೆ ಆಸ್ಪದವಿರುವುದಿಲ್ಲ.

ಹಾಗಾದರೆ ಲಾಭವೇನು? ವಿಮೆಯನ್ನು ನಾವು ಆದಾಯಕ್ಕಾಗಿ ಮಾಡಿಸುವುದಿಲ್ಲ. ಬೆಲೆ ಏರಿದ ವಾರದಲ್ಲಿ, ಮಳೆಯಿಂದ ಸರಬರಾಜು ನಿಂತ ದಿನದಲ್ಲಿ, ಸಣ್ಣ ಸಂಬಳದ ಮನೆಯಲ್ಲಿ ಮೊದಲು ಕಡಿತವಾಗುವುದು ಸೊಪ್ಪು ತರಕಾರಿ. ಅದರ ಪರಿಣಾಮ ತಟ್ಟುವುದು ಮಕ್ಕಳಿಗೂ ಗರ್ಭಿಣಿಯರಿಗೂ. ಆ ದಿನ ತಾರಸಿಯಲ್ಲೊಂದು ಬಸಳೆ ಬಳ್ಳಿ, ಹಿತ್ತಲಲ್ಲೊಂದು ನುಗ್ಗೆ ಮರ ಇದ್ದರೆ ತಟ್ಟೆ ಬರಿದಾಗುವುದಿಲ್ಲ. ಆದ್ದರಿಂದ ಈ ತರಬೇತಿಗೆ ಮೊದಲು ಆಯ್ಕೆಯಾಗಬೇಕಾದವರು ವಿಶಾಲ ತಾರಸಿಯ ಹವ್ಯಾಸಿಗಳಿಗಿಂತ ಹೆಚ್ಚಾಗಿ ಅಂಗನವಾಡಿಯ ತಾಯಂದಿರು, ಸ್ವಸಹಾಯ ಗುಂಪಿನ ಸದಸ್ಯೆಯರು, ಬಾಡಿಗೆ ಮನೆಯ ಕಿರಿದಾದ ಮೆಟ್ಟಿಲ ಬಳಿ ನಾಲ್ಕು ಚೀಲಗಳಿಗಷ್ಟೇ ಜಾಗವಿರುವ ಕುಟುಂಬಗಳು. ಅವರಿಗೆ ಮನೆಯ ಮಾಲೀಕರ ಒಪ್ಪಿಗೆ ಪಡೆದುಕೊಡುವುದೂ ಸಂಯೋಜಕರ ಕೆಲಸವೇ.

ಸದಸ್ಯರ ಪರಿಶೀಲನೆಗೆ

ಇಂತಹ ಕಾರ್ಯಕ್ರಮಕ್ಕೆ ಹಣ ಮಂಜೂರು ಮಾಡುವ ಮುನ್ನ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಉಚಿತ:

1. ಕಾರ್ಯಕ್ರಮವು ಮುಂಗಾರಿನ ಆರಂಭಕ್ಕೆ ಶುರುವಾಗಿ ಮುಂದಿನ ಬೇಸಗೆಯನ್ನು ದಾಟುವಂತಿದೆಯೇ?

2. ಕನಿಷ್ಠ ಮೂರು ಮನೆ ಭೇಟಿಗಳಿಗೆ, ಅವುಗಳಲ್ಲಿ ಒಂದಾದರೂ ಏಪ್ರಿಲ್‌ನಲ್ಲಿ, ಹಣವನ್ನು ತೆಗೆದಿರಿಸಲಾಗಿದೆಯೇ?

3. ಕುಡಿಯುವ ನೀರನ್ನು ಬಳಸದೆ ತೋಟವನ್ನು ನಡೆಸುವ ವ್ಯವಸ್ಥೆಯನ್ನು ಕಲಿಸಲಾಗುವುದೇ?

4. ತಾರಸಿಯ ಭಾರ ಮತ್ತು ಸೋರಿಕೆಯ ಪರಿಶೀಲನೆ ಮೊದಲೇ ನಡೆಯುವುದೇ?

5. ಹಂಚುವ ಬೀಜಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲೇ ಉಳಿಸಿಕೊಳ್ಳಬಹುದಾದ ತಳಿಗಳೇ?

6. ಕೊನೆಯ ಕಂತಿನ ಹಣವನ್ನು ಮೇ ತಿಂಗಳ ಕೊನೆಯ ಎಣಿಕೆಯ ವರದಿ ಬಂದ ನಂತರವೇ ಬಿಡುಗಡೆ ಮಾಡುವ ಷರತ್ತು ಒಪ್ಪಂದದಲ್ಲಿದೆಯೇ?

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಕಟ್ಟಡದ ಗುತ್ತಿಗೆದಾರರಿಗೆ ಪೂರ್ಣ ಹಣವನ್ನು ಕೊಡುವ ಮುನ್ನ ಒಂದು ಭಾಗವನ್ನು ತಡೆಹಿಡಿದು, ಒಂದು ಮಳೆಗಾಲ ಕಳೆದು ತಾರಸಿ ಸೋರದೆಂದು ಖಚಿತವಾದ ಮೇಲೆ ಬಿಡುಗಡೆ ಮಾಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದೇ ತಾರಸಿಯ ಮೇಲೆ ಬೆಳೆಯುವ ತೋಟಕ್ಕೂ ಈ ಪದ್ಧತಿಯನ್ನು ಅನ್ವಯಿಸಬಹುದು. ಪ್ರಾಮಾಣಿಕವಾಗಿ ಕೆಲಸ ಮಾಡುವ ತರಬೇತಿ ಸಂಸ್ಥೆಗಳಿಗೆ ಇದರಿಂದ ತೊಂದರೆಯಿಲ್ಲ; ಅವರ ಭೇಟಿಯ ವೆಚ್ಚವನ್ನು ನಾವು ಮೊದಲೇ ಒಪ್ಪಿ ಕೊಡುತ್ತಿರುವುದರಿಂದ ಅನುಕೂಲವೇ ಹೆಚ್ಚು.

ಮುಂದಿನ ಆರ್ಥಿಕ ವರ್ಷದ ಅಂದಾಜು ಪಟ್ಟಿಯನ್ನು ಸಿದ್ಧಪಡಿಸುವಾಗ ಸದಸ್ಯ ಸಂಸ್ಥೆಗಳು ಈ ಬಾಬ್ತಿಗೆ ಜೂನ್‌ನಿಂದ ಮೇವರೆಗಿನ ಅವಧಿಯನ್ನು ಗೊತ್ತುಪಡಿಸಿ, ಚಾಲ್ತಿ ಯೋಜನೆಯೆಂದು ನಿರ್ಣಯ ಅಂಗೀಕರಿಸಿಕೊಳ್ಳಬೇಕೆಂದು ವಿನಂತಿ. ಒಂದೇ ಬಡಾವಣೆಯಲ್ಲಿರುವ ನಾಲ್ಕಾರು ಸಣ್ಣ ಉದ್ದಿಮೆಗಳು ಒಟ್ಟುಗೂಡಿ ಒಬ್ಬ ತರಬೇತುದಾರರನ್ನು ವರ್ಷವಿಡೀ ನೇಮಿಸಿಕೊಂಡರೆ ವೆಚ್ಚ ಇನ್ನೂ ಹಗುರವಾಗುತ್ತದೆ. ಮೇ ತಿಂಗಳ ಎಣಿಕೆಯಲ್ಲಿ ಬಂದ ಸಂಖ್ಯೆ ದೊಡ್ಡದಿರಲಿ, ಚಿಕ್ಕದಿರಲಿ, ಅದನ್ನು ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಹಾಜರಿಯ ಸಂಖ್ಯೆಯ ಪಕ್ಕದಲ್ಲೇ ಪ್ರಕಟಿಸಬೇಕು. ಅಂತಹ ಎರಡು ಮೂರು ವರ್ಷಗಳ ಅಂಕಿಗಳು ನಮ್ಮ ಮುಂದಿದ್ದರೆ, ಯಾವ ತರಬೇತಿಗೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬ ನಿರ್ಧಾರವನ್ನು ಛಾಯಾಚಿತ್ರಗಳನ್ನು ನೋಡಿ ಕೈಗೊಳ್ಳುವ ಪ್ರಮೇಯವೇ ಬರುವುದಿಲ್ಲ.